ಸಾವಿಲ್ಲದ ಮನೆಯ ಸಾಸಿವೆ

ಜರಗನಹಳ್ಳಿಯ ಮುನಿವೆಂಕಟಮ್ಮನ ಮಗ ಮೋಹಿತ್ ಬೈಕಿನಿಂದ ಬಿದ್ದು ಸತ್ತು ಮೂರು ತಿಂಗಳಾಗಿತ್ತು. ಬಾಯಿಗಿಟ್ಟ ಅನ್ನ ಗಂಟಲಲ್ಲಿ ಇಳಿಯದು, ಕಣ್ಣು ಮುಚ್ಚಿದರೆ ಮಗ. ದೇವರು ದಿಂಡರೆಲ್ಲ ಮುಗಿದ ಮೇಲೆ ಮಗಳು ಹೇಮಶ್ರೀ ಅವಳನ್ನು ಜಯನಗರದ ಧ್ಯಾನದ ಕ್ಲಾಸಿಗೆ ಎಳೆದುಕೊಂಡು ಹೋದಳು. ವಸಿಷ್ಠ ಎಂಬ ನಿವೃತ್ತ ಅಧಿಕಾರಿ ಅಲ್ಲಿ ಬುದ್ಧನ ಬೋಧನೆ ಹೇಳಿಕೊಡುತ್ತಿದ್ದರು. ಆ ಕಥೆ ಹೇಳಿದ್ದು ಅವರೇ. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ, ಸಾವೇ ಕಾಣದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದನಂತೆ. ಊರೆಲ್ಲ ತಿರುಗಿದರೂ ಅಂಥ ಮನೆ ಸಿಗಲಿಲ್ಲ. ದುಃಖ ತನ್ನೊಬ್ಬಳದಲ್ಲ ಎಂದು ತಿಳಿದು ತಾಯಿಗೆ ಸಮಾಧಾನವಾಯಿತಂತೆ.

ಉಳಿದವರು ತಲೆದೂಗಿ, ಕಾಫಿ ಕುಡಿದು ಹೋದರು. ಮುನಿವೆಂಕಟಮ್ಮ ಹಾಗಲ್ಲ, ಹೇಳಿದ್ದನ್ನು ಮಾಡಿಯೇ ನೋಡುವ ಹೆಂಗಸು. ಆ ತಾಯಿಗೆ ಸಿಕ್ಕಿದ್ದು ನನಗೇಕೆ ಸಿಗಬಾರದು? ‘ನಮ್ಮನೇಲೂ ಹೋಗವ್ರೆ ಕಣಮ್ಮ’ ಎಂದು ಒಬ್ಬರು ಹೇಳಿದರೆ ಸಾಕು, ಅವರ ಪಕ್ಕ ಕೂತು ಅತ್ತುಬಿಡುತ್ತೇನೆ ಎಂದುಕೊಂಡಳು. ಊರು ಸುತ್ತುವ ದರ್ದೇನಿಲ್ಲ, ಅವಳ ಬಿಲ್ಡಿಂಗಿನಲ್ಲೇ ಒಂಬತ್ತು ಬಾಡಿಗೆ ಮನೆಗಳಿದ್ದವು. ಭಾನುವಾರ ಬೆಳಿಗ್ಗೆ ಸ್ಟೀಲ್ ಲೋಟ ಹಿಡಿದು ಮೆಟ್ಟಿಲಿಳಿದಳು.

ಅಯ್ಯೋ ಪೆದ್ದಿ! ಓನರ್ ಬಂದು ‘ಈ ಮನೇಲಿ ಯಾರಾದ್ರೂ ಸತ್ತಿದಾರಾ’ ಎಂದು ಕೇಳಿದರೆ ಯಾವ ಬಾಡಿಗೆಯವನು ಹೌದು ಅಂತಾನೆ? ಅದೂ ಇವಳು! ಮನೆ ಕೊಡುವಾಗಲೇ ಇವಳ ಕಂಡೀಷನ್ನು: ಮಾಂಸ ಬೇಯಿಸಿಕೊಳ್ಳಿ, ನಾಯಿ ಸಾಕಿಕೊಳ್ಳಿ, ಹೆಣ ಮಾತ್ರ ಗೇಟಿನೊಳಗೆ ಬರಕೂಡದು. ಕೆಟ್ಟ ನಕ್ಷತ್ರದಲ್ಲಿ ಸತ್ತಿದ್ದರೆ ಆರು ತಿಂಗಳು ಮನೆಗೆ ಬೀಗ ಹಾಕಬೇಕಾಗುತ್ತದಲ್ಲ, ಅದರ ಭಯ.

“ಛೆ ಛೆ, ನಮ್ಮನೇಲಿ ಅಂಥದ್ದೇನೂ ಆಗಿಲ್ಲ ಆಂಟಿ,” ಎಂದ ಮೊದಲ ಮನೆಯ ರವಿಕುಮಾರ್. ಅವನ ಹಿಂದೆ ಗೋಡೆಯಲ್ಲಿ ಅವನ ತಾಯಿಯ ಫೋಟೋ, ಅದಕ್ಕೊಂದು ಗಂಧದ ಹಾರ.

“ಮತ್ತೆ ನಿಮ್ಮಮ್ಮ?”

“ಅಮ್ಮನಾ? ಊರಲ್ಲಿದಾರೆ ಆಂಟಿ,” ಎಂದವನೇ ಬಾಗಿಲನ್ನು ಅರ್ಧ ಮುಂದಕ್ಕೆಳೆದು ಫೋಟೋ ಮರೆಮಾಡಿದ. ಹೆತ್ತವಳನ್ನು ಬದುಕಿಸಿ, ಒಂದು ಚಮಚ ಸಾಸಿವೆಯನ್ನೂ ಹಾಕಿ ಕಳಿಸಿದ.

ಎರಡನೆಯ ಮನೆಯಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಎಂಟು ಮನೆ ಮುಗಿಯುವಷ್ಟರಲ್ಲಿ ಲೋಟ ಮುಕ್ಕಾಲು ತುಂಬಿತು. ಜಗತ್ತಿನಲ್ಲಿ ನನ್ನ ಮಗನೊಬ್ಬನೇ ಸತ್ತನೇ ಎಂದುಕೊಂಡಳು.

ಉಳಿದಿದ್ದು ಹಿಂದಿನ ಪೋರ್ಷನ್ನಿನ ಸೀತಮ್ಮ. ಎರಡು ವರ್ಷದ ಹಿಂದೆ ಗಂಡ ಸೀನುವನ್ನು ಕಳೆದುಕೊಂಡವಳು. ಇವಳಾದರೂ ಹೂಂ ಅನ್ನಲೇಬೇಕು! ಮುನಿವೆಂಕಟಮ್ಮ ಸರಸರನೆ ಹೋಗಿ ಬಾಗಿಲು ಬಡಿದಳು, ಕೇಳಿದಳು.

“ಇಲ್ಲ ಅಕ್ಕ,” ಎಂದಳು ಸೀತಮ್ಮ.

“ಇಲ್ವಾ? ಏನೇ ಹಂಗಂದ್ರೆ? ಸೀನು ಹೋಗ್ಲಿಲ್ವೇನೇ?”

“ಅವ್ರು ಹೋಗಿದ್ದು ಆಸ್ಪತ್ರೇಲಿ. ಆಂಬುಲೆನ್ಸು ಬಂದಾಗ ನೀವು ಗೇಟಿಗೆ ಅಡ್ಡ ನಿಂತ್ರಿ. ಹಂಗೇ ಬನಶಂಕರಿ ಚಿತಾಗಾರಕ್ಕೆ ತಗೊಂಡೋಗಿ ಅಂದ್ರಿ. ನನ್ ಮಕ್ಳು ರೋಡಲ್ಲೇ ಅಪ್ಪನ ಮುಖ ನೋಡಿದ್ವು. ಈ ಮನೆಗೆ ಸಾವು ಬಂದಿಲ್ಲ ಅಕ್ಕ, ನೀವು ಬಿಡ್ಲಿಲ್ವಲ್ಲ.” ಒಳಗೆ ಹೋಗಿ ಡಬ್ಬಿ ತಂದು ಲೋಟದ ಅಂಚಿನವರೆಗೂ ಸಾಸಿವೆ ಸುರಿದಳು. “ತಗೊಳ್ಳಿ.”

ಮುನಿವೆಂಕಟಮ್ಮನಿಗೆ ಮಗ ಸತ್ತ ದಿನ ನೆನಪಾಯಿತು. ಮೋಹಿತನನ್ನು ಇದೇ ಗೇಟಿನೊಳಗೆ ತಂದು, ಒಂದಿಡೀ ದಿನ ಮೇಲಿನ ಮನೆಯ ಹಾಲ್‌ನಲ್ಲಿ ಮಲಗಿಸಿದ್ದರು. ಜರಗನಹಳ್ಳಿಗೆ ಜರಗನಹಳ್ಳಿಯೇ ಬಂದು ನೋಡಿತ್ತು. ಬಂದವರಿಗೆಲ್ಲ ಕಾಫಿ ಮಾಡಿ ಕೊಟ್ಟವಳು ಇದೇ ಸೀತಮ್ಮ. ಆಗ ಸೀತಮ್ಮ ಏನೆಂದುಕೊಂಡು ಆ ಕಾಫಿ ಲೋಟಗಳನ್ನು ತುಂಬಿಸಿರಬಹುದು?

“ತಪ್ಪಾಯ್ತು ಕಣೇ,” ಎಂದಳು ಮುನಿವೆಂಕಟಮ್ಮ. ಅಳು ಒತ್ತರಿಸಿ ಬಂತು. “ಒಂದ್ ಗಳಿಗೆ ಒಳಗ್ ಬಂದು ಕೂತ್ಕೊಳ್ಲಾ?”

“ಮನೆ ನಿಮ್ದು ಅಕ್ಕ. ಬೇಡ ಅನ್ನೋಕೆ ನಾನ್ಯಾರು?” ಎಂದಳು ಸೀತಮ್ಮ. ಬಾಗಿಲಿನಿಂದ ಮಾತ್ರ ಸರಿಯಲಿಲ್ಲ.