ಎದುರು ಸವರಿದ ಮಖಮಲ್ಲು

"ಬಿಳಿ ಬೇಡ ಅಕ್ಕ. ಬಿಳಿ ಮೇಲಿಟ್ರೆ ಗಡಿಯಾರ ಆಸ್ಪತ್ರೇಲಿ ಮಲಗಿದ ಹಾಗೆ ಕಾಣತ್ತೆ."

ಓರಗಿತ್ತಿಯ ಮಾತಿಗೆ ಮೈದುನ ಗೊಳ್ಳೆಂದು ನಕ್ಕ. ಅತ್ತಿಗೆಗೆ ನಗು ಬರಲಿಲ್ಲ. ಈ ಫೋಟೋ ಸ್ಟುಡಿಯೋ ಕಟ್ಟಿದ ಆಕೆಯ ಗಂಡ ಕಣ್ಮುಚ್ಚಿದ್ದು ಆಸ್ಪತ್ರೆಯ ಬಿಳಿ ಹಾಸಿಗೆಯಲ್ಲೇ. ಆರು ತಿಂಗಳ ಹಿಂದೆ ಮೈದುನನನ್ನು ಮದುವೆಯಾಗಿ ಬಂದ ಹುಡುಗಿಗೆ ಅದು ಗೊತ್ತಿರಬೇಕೆಂದೇನಿಲ್ಲ. ಗಡಿಯಾರದ ಚಿತ್ರಕ್ಕೆಂದು ಬೆಳಿಗ್ಗೆ ತಾನೇ ಒಂದು ಸುಕ್ಕೂ ಬೀಳದಂತೆ ಇಳಿಬಿಟ್ಟಿದ್ದ ಬಿಳಿ ಕಾಗದವನ್ನು ಅತ್ತಿಗೆ ಸುತ್ತಿಟ್ಟಳು.

ಇಪ್ಪತ್ತೆರಡು ವರ್ಷ ಇಲ್ಲಿ ಯಾವ ವಸ್ತುವಿನ ಹಿಂದೆ ಏನು ಹಾಸಬೇಕೆಂದು ಹೇಳಿದವಳು ಆಕೆ. ಗಾಜಿಗೆ ಯಾವುದು, ಹಿತ್ತಾಳೆಗೆ ಯಾವುದು ಎಂದು ಗಂಡನೂ ಆಕೆಯನ್ನೇ ಕೇಳುತ್ತಿದ್ದ. ಮೊನ್ನೆ ಈ ಹುಡುಗಿ ಸಾಬೂನಿನ ಕೆಳಗೆ ಹಳೇ ಗೋಣಿತಟ್ಟು ಹಾಸಿದ್ದೇ ತಡ, ಗಡಿಯಾರದ ವ್ಯಾಪಾರಿ ಆ ಚಿತ್ರ ನೋಡಿ, "ತಟ್ಟು ಹಾಸಿದವರನ್ನೇ ಕರೀರಿ" ಎಂದನಂತೆ.

"ಇದೊಂದು ಚೆನ್ನಾಗಿ ಬರ್ಲಿ ಅತ್ತಿಗೆ, ಮುಂದೆ ಇದನ್ನೆಲ್ಲ ಇವಳೇ ನೋಡ್ಕೊಳ್ತಾಳೆ. ನೀವು ಮನೇಲಿ ಆರಾಮಾಗಿರಿ," ಎಂದ ಮೈದುನ.

ಆರಾಮ! ಖಾಲಿ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕೆ ಇವನಿಟ್ಟ ಹೆಸರು.

ಹುಡುಗಿ ಕಪ್ಪು ಮಖಮಲ್ಲು ಹಾಸಿದಳು. ಆಯ್ಕೆ ಸರಿಯಾಗಿಯೇ ಇತ್ತು. ಅದನ್ನೇ ಅತ್ತಿಗೆಗೆ ಸಹಿಸಲಾಗಲಿಲ್ಲ. ತಾನೂ ಕೊನೆಗೆ ಅದನ್ನೇ ಹಾಸುತ್ತಿದ್ದಳೇನೋ, ಆದರೆ ಮೂರು ಬಟ್ಟೆ ಹಾಸಿ ತೆಗೆದ ಮೇಲೆ.

ಗಂಡ ಹೆಂಡತಿ ದೀಪ ತರಲು ಒಳಗೆ ಹೋದರು. ಮಖಮಲ್ಲನ್ನು ಒಂದೇ ದಿಕ್ಕಿಗೆ ಸವರಬೇಕು, ಎದುರು ಸವರಿದರೆ ಎಳೆ ನಿಮಿರಿ ಕಪ್ಪು ಮಾಸಿದಂತೆ ಕಾಣುತ್ತದೆ. ಬರಿಗಣ್ಣಿಗೆ ಅಷ್ಟು ತಿಳಿಯದು, ಪಕ್ಕದಿಂದ ದೀಪದ ಬೆಳಕು ಬಿದ್ದರೆ ಕ್ಯಾಮೆರಾ ಬಿಡದು. ಇದನ್ನು ಆಕೆ ಹುಡುಗಿಗೆ ಹೇಳಿಕೊಟ್ಟಿರಲಿಲ್ಲ. ಈಗ ಅಂಗೈ ಊರಿ, ಬೆರಳು ಅಗಲಿಸಿ, ಒಮ್ಮೆ ಎದುರಿಗೆ ತುಸುವೇ ಜರುಗಿಸಿ ಬಿಟ್ಟಳು. 'ದೇವರೇ' ಎಂದು ಬಾಯಿಗೆ ಬಂತು. ಸರಿಮಾಡಲು ಮಾತ್ರ ಕೈ ಏಳಲಿಲ್ಲ.

ಮೊದಲ ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಮೂಡಿತು. ಗಡಿಯಾರದ ಪಕ್ಕದಲ್ಲಿ ಬೂದುಬಣ್ಣದ ಐದು ಬೆರಳು.

"ಏನೇ ಇದು? ಯಾರ ಕೈ?" ಮೈದುನ ರೇಗಿದ.

ಹುಡುಗಿಯ ಮುಖ ಬಿಳಿಚಿಕೊಂಡಿತು. "ನಂದೇ ಇರ್ಬೇಕು ಕಣ್ರೀ. ಹಾಸುವಾಗ ಊರಿಬಿಟ್ಟೆನೋ ಏನೋ..."

"ಬಟ್ಟೆ ಹಾಸೋಕೂ ಬರಲ್ವಾ ನಿಂಗೆ? ಗಡಿಯಾರದವರಿಗೆ ಏನು ತೋರಿಸ್ಲಿ ನಾನು?"

ಅವಳು ಮೇಜಿಗೆ ಬಾಗಿ, ಗುರುತಿನ ಮೇಲೆ ತನ್ನ ಕೈ ಇಟ್ಟು ನೋಡಿದಳು. ಪುಟ್ಟ ಕೈ. ಮಾಸಿದ ಬೆರಳುಗಳು ಅವಳ ಬೆರಳುಗಳನ್ನು ದಾಟಿ ಸುತ್ತಲೂ ಉಳಿದವು. ಅವಳು ತಲೆ ಎತ್ತಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

ಅತ್ತಿಗೆ ಮೇಜಿನ ಬಳಿ ಬಂದಳು. "ತೆಗಿ ಕೈ," ಎಂದಳು. "ಅದು ನಂದು. ಬೇಕಂತಲೇ ಮಾಡಿದ್ದು."

ಮೈದುನ ಗಕ್ಕನೆ ಆಕೆಯತ್ತ ತಿರುಗಿದ. ಹುಡುಗಿ ಮೆಲ್ಲಗೆ ಕೇಳಿದಳು: "ಯಾವ ಕಡೆಗೆ ಸವರ್ಬೇಕು ಅಕ್ಕ?"

ಅತ್ತಿಗೆ ಅವಳ ಮಣಿಕಟ್ಟು ಹಿಡಿದು ಬಟ್ಟೆಯ ಮೇಲೆ ತಮ್ಮ ಕಡೆಗೆ ಎಳೆದಳು. ಒಮ್ಮೆ, ಮತ್ತೊಮ್ಮೆ. ಕಪ್ಪು ಮರಳಿ ತುಂಬಿಕೊಂಡಿತು. ಮೂರನೆಯ ಸಲಕ್ಕೆ ಹುಡುಗಿಯ ಕೈ ತಾನಾಗಿಯೇ ಸರಿಯಾದ ಕಡೆಗೆ ಹೋಯಿತು. ಅತ್ತಿಗೆ ಹಿಡಿದ ಮಣಿಕಟ್ಟು ಬಿಡಲಿಲ್ಲ.