ಪ್ರಯೂನನ ಮೊಸಳೆ

"ಮೊಸಳೆ ತೆಗೀರಿ ಮೇಷ್ಟ್ರೇ," ಎಂದು ಸಾಯ್ಬುವಾ ಹಾಳೆಯ ನಡುವೆ ಬೆರಳೊತ್ತಿದಳು.

ತವಿನ್ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. ವಿಹಾರದ ಮಂಟಪದಲ್ಲಿ ಅವಳ ಗಂಡ ಪ್ರಯೂನನ ಶವಪೆಟ್ಟಿಗೆಗೆ ಹೂ ಕಟ್ಟಿ ಮುಗಿಯುತ್ತ ಬಂದಿತ್ತು. ನಾಲ್ಕು ಗಂಟೆಗೆ ದಹನ. ಅದಕ್ಕೆ ಮುಂಚೆ ತೀರಿಕೊಂಡವರ ಜೀವನವೃತ್ತಾಂತವನ್ನು ಮೈಕಿನಲ್ಲಿ ಓದಬೇಕು. ಮೆಕ್ಲೊಂಗ್ ನದಿಯ ಈ ದಡದಲ್ಲಿ ಸತ್ತವರೆಲ್ಲರದನ್ನೂ ಬರೆದು ಓದುವವರು ಮೇಷ್ಟ್ರೇ.

"ತೆಗೆದ್ರೆ ಏನುಳಿಯುತ್ತಮ್ಮ? ಹುಟ್ಟಿದ, ತೆಂಗಿನ ಬೆಲ್ಲ ಕಾಯಿಸಿದ, ಬ್ಯಾಂಕಾಕಿನವರನ್ನ ದೋಣೀಲಿ ಕೂರಿಸ್ಕೊಂಡು ಮಿಂಚುಹುಳ ತೋರಿಸಿದ, ಹೋದ. ನಾಲ್ಕು ಸಾಲು. ಜನ ಕುರ್ಚೀಲಿ ಸರಿಯಾಗಿ ಕೂರೋದ್ರೊಳಗೆ ಮುಗಿದುಹೋಗುತ್ತೆ."

"ಮುಗೀಲಿ. ನಡೆದಿದ್ದಷ್ಟೇ ಇರಲಿ."

"ಕಾಲಲ್ಲಿ ಗಾಯದ ಗುರುತಿತ್ತಲ್ಲ? ನಾನೇ ನೋಡಿದೀನಿ."

"ಗಾಯ ಇತ್ತು. ಮೊಸಳೆ ಇರಲಿಲ್ಲ."

ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಪ್ರಯೂನನ ಅಕ್ಕ ಲಮುನ್ ಕಣ್ಣು ಮುಚ್ಚಿ ಕೂತಿದ್ದಳು. ಎಂಬತ್ತನಾಲ್ಕು ವರ್ಷದ ಆಕೆಗೆ ಬೇಡದ ಮಾತು ಕೇಳಿಸುತ್ತಿರಲಿಲ್ಲ, ಇದು ಕೇಳಿಸಿತು.

"ಇರಲಿಲ್ವಾ? ಹಾಗಾದ್ರೆ ನಮ್ಮಮ್ಮ ಸುಳ್ಳುಗಾತಿಯಾ? ಆ ಮೊಸಳೆಗೆ ಹೆದರಿ ಒಂದು ತಿಂಗಳು ಮನೇಲಿ ಯಾರೂ ಕಾಲುವೇಲಿ ಸ್ನಾನ ಮಾಡ್ಲಿಲ್ಲ. ವಾಸನೆ ತಡೀಲಾರದೆ ಬೆಕ್ಕೇ ಮನೆ ಬಿಟ್ಟು ಹೋಯ್ತು."

"ಅತ್ತಿಗೆ, ನೀವು ಅವತ್ತು ಅಲ್ಲಿರಲಿಲ್ಲ."

"ನೀನಿದ್ಯಲ್ಲ. ಹೇಳು ಮತ್ತೆ, ಏನು ಕಚ್ಚಿತು?"

ಸಾಯ್ಬುವಾ ಮತ್ತೆ ಹಾಳೆಯ ಕಡೆ ತಿರುಗಿ ಮೊಸಳೆಯ ಸಾಲಿಗೇ ಬೆರಳೊತ್ತಿದಳು. ಪಂಚಶೀಲದಲ್ಲಿ ನಾಲ್ಕನೆಯದು ಸುಳ್ಳಾಡಬಾರದೆಂಬುದು. ಆ ಒಂದು ಸುಳ್ಳನ್ನು ಪ್ರಯೂನ್ ನಲವತ್ತೆರಡು ವರ್ಷ ಹೇಳಿದ್ದ, ಮೊದಲು ತಾಯಿಗೆ, ಆಮೇಲೆ ದೋಣಿ ಹತ್ತಿದವರಿಗೆಲ್ಲ. ಅದನ್ನು ಹೊತ್ತುಕೊಂಡೇ ಅವನು ಮುಂದಿನ ಜನ್ಮಕ್ಕೆ ಹೋಗುವುದು ಅವಳಿಗೆ ಬೇಡವಾಗಿತ್ತು. ಹೇಳಿದವನು ಅವನಾದರೂ ತಪ್ಪು ಅವನದಾಗಿರಲಿಲ್ಲ.

*

ಮದುವೆಯಾಗಿ ಹತ್ತೊಂಬತ್ತನೆಯ ದಿನ. ಅತ್ತೆ ಸಂತೆಗೆ ಹೊರಟಿದ್ದಳು. ಹೊರಡುವ ಮುಂಚೆ, ಸೊಸೆ ಒಡೆದಿದ್ದ ಮೂರನೆಯ ಬಟ್ಟಲಿನ ಚೂರು ಆರಿಸುತ್ತ, "ಇನ್ನೊಂದು ಏನಾದ್ರೂ ಹಾಳು ಮಾಡು, ತವರಿಗೆ ದೋಣಿ ಹತ್ತಿಸ್ತೀನಿ," ಎಂದಿದ್ದಳು.

ಸಾಯ್ಬುವಾ ಬಟ್ಟಲುಗಳ ತಂಟೆಗೆ ಹೋಗಲಿಲ್ಲ. ಅತ್ತೆ ಬರುವಷ್ಟರಲ್ಲಿ ಕೆಲಸ ಮುಗಿಸಿ ಮೆಚ್ಚಿಸೋಣವೆಂದು, ಕುದಿಯುವ ಬೆಲ್ಲದ ಬಾಣಲೆಯನ್ನು ಒಬ್ಬಳೇ ಒಲೆಯಿಂದಿಳಿಸಲು ಹೋದಳು. ಸೌದೆ ಒಡೆದುಕೊಂಡು ಕೂತಿದ್ದ ಗಂಡನ ಕಾಲಮೇಲೆ ಅರ್ಧ ಪಾಕ ಚೆಲ್ಲಿತು.

ಪ್ರಯೂನ್ ಓಡಿಹೋಗಿ ಕಾಲುವೆಯ ಮೆಟ್ಟಿಲಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂತ. ಅಷ್ಟರಲ್ಲಿ ತಾಯಿಯ ದೋಣಿ ತಿರುವಿನಲ್ಲಿ ಕಾಣಿಸಿತು.

"ಏನಾಯ್ತೋ?"

ಅವನು ದಡದಲ್ಲಿ ನಡುಗುತ್ತಿದ್ದ ಹೆಂಡತಿಯನ್ನು ನೋಡಿದ, ನೀರನ್ನು ನೋಡಿದ. "ಮೊಸಳೆ ಕಾಲಿಗೆ ಬಾಯಿ ಹಾಕ್ತು," ಎಂದ.

"ಮತ್ತೆ ಇನ್ನೂ ನೀರಲ್ಲೇ ಕೂತಿದೀಯಲ್ಲೋ."

"ಅದು ಹೋಯ್ತಲ್ಲಮ್ಮ."

ಊರಿನ ಗಂಡಸರು ಬಿದಿರುಗಳನ್ನು ಹಿಡಿದು ಮೂರು ದಿನ ಕಾಲುವೆ ಜಾಲಾಡಿದರು. ಒಂದು ಹೊಲಿಗೆ ಯಂತ್ರ ಸಿಕ್ಕಿತು. ಗದ್ದಲದಲ್ಲಿ, ಬೆಲ್ಲ ಎಲ್ಲಿ ಎಂದು ಕೇಳುವುದು ಅತ್ತೆಗೆ ಮರೆತೇಹೋಯಿತು.

*

ಮೂರೂವರೆಗೆ ಬ್ಯಾಂಕಾಕಿನ ವ್ಯಾನು ಬಂತು. ಇಳಿದವರು ಒಂಬತ್ತು ಜನ, ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಹನ್ನೊಂದು ವರ್ಷದಿಂದ ಪ್ರತಿ ನವೆಂಬರಿಗೂ ಬಂದು ಪ್ರಯೂನನ ದೋಣಿಯನ್ನೇ ಹತ್ತುತ್ತಿದ್ದವರು. ಮುಂದಾಳು ಒರನುತ್ ಎಂಬ ದಪ್ಪ ಹೆಂಗಸು ಸಾಯ್ಬುವಾಳ ಎರಡೂ ಕೈ ಹಿಡಿದುಕೊಂಡಳು.

"ದೊಡ್ಡಮ್ಮ, ನಮ್ಮನೆಯವರಿಗೆ ಐವತ್ತಾಯ್ತು. ಈಗ್ಲೂ ದೋಣಿಯಿಂದ ಕೈ ಹೊರಗೆ ಚಾಚಲ್ಲ."

"ಎಚ್ಚರಿಕೆ ಅಷ್ಟೆ," ಎಂದ ಅವಳ ಗಂಡ.

"ಮೊದಲ ವರ್ಷ ಮೊಸಳೆ ಎರಡು ಮಾರುದ್ದ ಅಂದಿದ್ರು ದೊಡ್ಡಪ್ಪ. ಹೋದ ವರ್ಷ ನಾಲ್ಕಾಗಿತ್ತು," ಎಂದಳು ಒರನುತ್.

"ಬೆಳೆಯೋ ಪ್ರಾಣಿ," ಎಂದಳು ಲಮುನ್.

ಮೇಷ್ಟ್ರು ಮೈಕಿನ ಮುಂದೆ ನಿಂತು ನಾಲ್ಕು ಸಾಲು ಓದಿದರು. ಎಷ್ಟು ನಿಧಾನವಾಗಿ ಓದಿದರೂ ಅರ್ಧ ನಿಮಿಷ ಹಿಡಿಯಲಿಲ್ಲ. ಭಿಕ್ಷುಗಳು ಕೂಡ ಇನ್ನೇನೋ ಇದೆಯೆಂದು ಕಾದರು. ಕೊನೆಗೆ ಬ್ಯಾಂಕಾಕಿನವರ ಸಾಲಿನಿಂದ ಗಂಡು ದನಿಯೊಂದು ಸಣ್ಣಗೆ ಕೇಳಿತು: "ಮೊಸಳೆ?"

"ನಾನೂ ಬೆಳಗಿಂದ ಅದನ್ನೇ ಕೇಳ್ತಿದೀನಿ," ಎಂದಳು ಲಮುನ್.

ಮೇಷ್ಟ್ರು ಮೈಕನ್ನು ಸಾಯ್ಬುವಾಳ ಕೈಗಿಟ್ಟರು. "ನೀವೇ ಹೇಳ್ಬಿಡಿ. ನನ್ನ ಕೈಲಾಗಲ್ಲ."

ಅವಳು ಎದ್ದು ನಿಂತಳು. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು: ಬೆಲ್ಲ, ಬಾಣಲೆ, ನಾನು. ಹೇಳಿದರೆ ತನ್ನ ಎದೆ ಹಗುರಾಗುತ್ತದೆ. ಆದರೆ ಒಂಬತ್ತು ಜನ ಇಷ್ಟು ದೂರ ಬಂದು, ಒಬ್ಬ ಸುಳ್ಳುಗಾರನ ಪೆಟ್ಟಿಗೆಯ ಮೇಲೆ ಗಂಧದ ಚಕ್ಕೆಯ ಹೂ ಇಟ್ಟು ಹೋಗುತ್ತಾರೆ. ಅವನು ಎದ್ದು ಕೂತು ತಮಾಷೆ ಮಾಡಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

"ಇಷ್ಟು ವರ್ಷ ಅವರೊಬ್ಬರೇ ಹೇಳ್ತಿದ್ರು," ಎಂದಳು. ಮೈಕು ಒಮ್ಮೆ ಕಿರುಚಿತು. "ಈಗ ನಾನೂ ಹೇಳ್ತೀನಿ. ನಾನು ಮೆಟ್ಟಿಲ ಮೇಲೇ ಇದ್ದೆ. ಮೊಸಳೇನ ನನ್ನ ಕಣ್ಣಾರೆ ನೋಡ್ದೆ."

ಮೇಷ್ಟ್ರು ಕಿಸೆಯಿಂದ ಪೆನ್ನು ತೆಗೆದರು. "ಉದ್ದ ಎಷ್ಟಿತ್ತು?"

ಸಾಯ್ಬುವಾ ಎರಡೂ ಕೈ ಅಗಲಿಸಿ ನೋಡಿದಳು. ಸಾಲಲಿಲ್ಲ. ಮೈಕನ್ನು ಅವರಿಗೆ ಕೊಟ್ಟು, ಗಂಡನ ಪೆಟ್ಟಿಗೆಯ ಬುಡಕ್ಕೆ ಹೋಗಿ, "ಮೂತಿ ಇಲ್ಲಿ," ಎಂದಳು. ಅಲ್ಲಿಂದ ಮುಂದಿನ ಸಾಲಿನ ಉದ್ದಕ್ಕೆ, ನೋಯುವ ಮಂಡಿಯಲ್ಲಿ ಒಂದೊಂದೇ ಹೆಜ್ಜೆ ಹಾಕುತ್ತ ನಡೆದಳು. ಬ್ಯಾಂಕಾಕಿನವರ ಒಂಬತ್ತು ತಲೆಗಳೂ ಜೊತೆಗೇ ತಿರುಗಿದವು. ಬೆಂಕಿ ಕೊಡುವವನು ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಬಗ್ಗಿ ನೋಡಿದ. ಅವಳು ಮೂರನೆಯ ಕುರ್ಚಿ ದಾಟಿದಳು, ಐದನೆಯದು ದಾಟಿದಳು. ಬಾಲ ಇನ್ನೂ ಬಂದಿರಲಿಲ್ಲ.

ಕೊನೆಯ ಕುರ್ಚಿಯಲ್ಲಿ ಲಮುನ್ ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡಳು.