ಸಮಾಧಿಯ ತೇವ

“ಸಾಲು ತುಳೀಬ್ಯಾಡ್ರೋ, ಬದುವಿನ ಮ್ಯಾಲೆ ಬರ್ರಿ!”

ಮರುಳಸಿದ್ದಮ್ಮ ಕೂಗಿದ ರಭಸಕ್ಕೆ, ಅವಳ ಗಂಡನ ಹೆಣ ಕೂರಿಸಿದ್ದ ಬಿದಿರು ವಿಮಾನ ಹೊತ್ತವರು ಎತ್ತಿದ ಕಾಲು ಎತ್ತಿಕೊಂಡೇ ನಿಂತರು. ಒಳಗಿದ್ದ ಜಂಬಣ್ಣನ ತಲೆ ಹೌದೆಂಬಂತೆ ತೂಗಿತು. ಹಿರಿಯೂರು ಸೀಮೆಯ ಆ ಬಿಸಿಲಿಗೆ ಕಾಗೆಗಳು ಹಾರುವುದು ಬಿಟ್ಟು ಬೇಲಿಯ ನೆರಳು ಹಿಡಿದು ನಡೆದುಹೋಗುತ್ತಿದ್ದವು. ಅಳಲು ಬಂದವರ ಕಣ್ಣೀರು ಕೆನ್ನೆಗಿಳಿಯುವ ಮೊದಲೇ ಉಪ್ಪಾಗುತ್ತಿತ್ತು.

“ತುಳಿಯಾಕೆ ಏನುಳದೈತೆ ಅತ್ತಿಗೆ?” ಎಂದ ಮೈದುನ ಮುರುಗಪ್ಪ. “ಮಣ್ಣು ಕೊಟ್ಟ ಮ್ಯಾಲೆ ಇವತ್ತೇ ಶೇಂಗಾ ಕಿತ್ತು ಎತ್ತಿಗೆ ಹಾಕಾಣ. ನಾಳೆ ಸೊಪ್ಪೂ ಸಿಗಲ್ಲ.”

“ಕೀಳಬ್ಯಾಡ ಅಂದು ಹೋಗ್ಯಾನೆ.”

“ಒಂದೊಂದು ಕಾಯಿ ತೆಂಗಿನಕಾಯಿಯಷ್ಟಾಗ್ತತೆ ಅಂತಲೂ ಅಂದಿದ್ದ!”

ಹೆಣದ ಮುಂದೆಯೇ ಯಾರೋ ಕಿಸಕ್ಕೆಂದರು. ಮರುಳಸಿದ್ದಮ್ಮನಿಗೆ ಸಿಟ್ಟಾಗುವಷ್ಟು ಕಸುವೂ ಉಳಿದಿರಲಿಲ್ಲ.

*

ಪ್ಲೇಗಿನ ಮರುವರ್ಷ ಊರಿಗೆ ಶೇಂಗಾ ತಂದವನೇ ಜಂಬಣ್ಣ. ಹೂ ಬಿಡುವ ಕಾಲಕ್ಕೆ ಗಿಡದ ಬುಡಕ್ಕೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದ. ಹೆಂಡತಿಯ ಪಕ್ಕದಲ್ಲೂ ಅಷ್ಟು ಹೊತ್ತು ಮಲಗಿದವನಲ್ಲ. ಹಳದಿ ಹೂವು ಬಾಡಿ, ಅದರ ಬುಡದಿಂದ ಸೂಜಿಯಂಥ ಎಳೆ ನೆಲಕ್ಕಿಳಿಯುವುದನ್ನು ಅವಳಿಗೂ ತೋರಿಸಿದ್ದ.

“ನೋಡೇ ಸಿದ್ದಿ, ಬೇರು ಆಳಕ್ಕೋಗಿ ನೀರು ಕುಡಕಂತತೆ, ಗಿಡ ಸಾಯಲ್ಲ. ಈ ಸೂಜಿಗೆ ಮಾತ್ರ ಮೇಲ್ಮಣ್ಣು ತಣ್ಣಗಿರಬೇಕು. ನೆಲ ಕಾದಿದ್ರೆ ತುದಿ ಸುಟ್ಕಂಡು ಗಾಳ್ಯಾಗೇ ಒಣಗ್ತತೆ. ಕಾಯಿ ಎಲ್ಲಿಂದ ಬರ್ಬೇಕು?”

*

ಹೊಲದ ಅಂಚಿನ ಸಮಾಧಿ ಗುಣಿ ಇನ್ನೂ ಮುಗಿದಿರಲಿಲ್ಲ. ಮೊದಲ ಏಟಿಗೆ ಹಾರೆ ಪುಟಿದು ದುರ್ಗದ ಕೋಟೆ ದಾಟಿ ಬಿತ್ತೆಂದು ತೋಡುತ್ತಿದ್ದ ಓಬಳೇಶಪ್ಪನ ಹೇಳಿಕೆ. ಎದೆಮಟ್ಟ ಇಳಿದವನೇ ಕೂಗಿದ: “ಲೇ, ತೇವ ಐತಲ್ರೋ!”

ಕೆಮ್ಮಣ್ಣು ಉಂಡೆ ಉಂಡೆಯಾಗಿ ಮೇಲೆ ಬಂತು.

“ಅಷ್ಟು ಆಳದಾಗಿದ್ರೆ ಏನ್ ಬಂತು?” ಎಂದ ಮುರುಗಪ್ಪ. “ಸೂಜಿ ಅಲ್ಲೀತನಕ ಇಳೀತತಾ?”

ಜಂಬಣ್ಣನನ್ನು ಕೂರಿಸಿ, ವಿಭೂತಿ, ಪತ್ರೆ ಹಾಕಿದರು. ಮರುಳಸಿದ್ದಮ್ಮ ಗಂಡನಿಗೆ ಒಂದು ಹಿಡಿ ಮಣ್ಣು ಕೊಟ್ಟಳು. ಮತ್ತೊಂದು ಹಸಿ ಹಿಡಿ ತೆಗೆದುಕೊಂಡವಳು ಗುಣಿಯ ಕಡೆ ತಿರುಗಲೇ ಇಲ್ಲ. ಪಕ್ಕದ ಸಾಲಿನಲ್ಲಿ ಕುಕ್ಕರಿಸಿ, ಗಾಳಿಯಲ್ಲಿ ತೂಗುತ್ತಿದ್ದ ಸೂಜಿಗಳ ಕೆಳಗೆ ಒತ್ತಿದಳು.

“ಅತ್ತಿಗೆ! ಅದು ಸಮಾಧಿ ಮಣ್ಣು!” ತನ್ನ ಪಾಲಿನ ಹಸಿಮಣ್ಣು ಹಿಡಿದು ನಿಂತಿದ್ದ ಮುರುಗಪ್ಪ ಕೂಗಿದ.

“ಅವನಿಗೆ ಸಾಕು. ನಿನ್ನ ಕೈಯಾಗಿನದು ನೀ ಎಲ್ಲಿ ಹಾಕ್ತಿ ಹಾಕು.”

ಮುರುಗಪ್ಪ ಅಣ್ಣನನ್ನು ನೋಡಿದ, ಗಿಡ ನೋಡಿದ. ಹಿಂದೆ ನಿಂತವರೆಲ್ಲ ಅವನ ಮುಷ್ಟಿಯನ್ನೇ ನೋಡುತ್ತಿದ್ದರು. ಕೊನೆಗೆ ಗುಣಿಗೆ ಬೆನ್ನು ಹಾಕಿ ಮೊಣಕಾಲೂರಿದ. ಇನ್ನೂ ಸುಡದ ಒಂದು ಸೂಜಿ ಹುಡುಕಿ, ಮುಷ್ಟಿಯ ಮಣ್ಣನ್ನು ಅದರ ಕೆಳಗಿಟ್ಟು, ತುದಿಯನ್ನು ಹೆಬ್ಬೆರಳಿನಿಂದ ತೇವದೊಳಗೆ ನೂಕಿ, ಅದರ ಮೇಲೆ ಅಂಗೈ ನೆರಳು ಹಿಡಿದು ಕೂತ.